ಒಬ್ಬೊಬ್ಬರದು ಉಳಿಯಿತು, ಎಲ್ಲರದು ಹೋಯಿತು: ಮಂಗಳೂರಿನ ಹಳೆಯ ಕಟ್ಟಡಗಳ ಲೆಕ್ಕ

ಮಂಗಳೂರಿನ ಹಳೆಯ ಕಟ್ಟಡಗಳ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಎದುರುಬದುರಾಗುತ್ತವೆ. ಬಹುಮಹಡಿ ಅಪಾರ್ಟ್‌ಮೆಂಟುಗಳ ಭರಾಟೆಯಲ್ಲಿ ಊರಿನ ಹಳೆಯದೆಲ್ಲ ನೆಲಸಮವಾಯಿತು ಎಂದು ಕೊರಗುವವರು ಒಂದು ಕಡೆಯಾದರೆ, ದೇವಸ್ಥಾನ, ಇಗರ್ಜಿ, ಮಸೀದಿಗಳೆಲ್ಲ ಹಿಂದೆಂದಿಗಿಂತ ಕಳೆಕಳೆಯಾಗಿರುವಾಗ ಹೋಗಿರುವುದಾದರೂ ಏನು ಎಂದು ಕೇಳುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಉಳಿದಿರುವುದು ಯಾವ ಬಗೆಯ ಕಟ್ಟಡ, ಇಲ್ಲವಾಗುತ್ತಿರುವುದು ಯಾವ ಬಗೆಯದು ಎಂದು ಬೇರೆ ಬೇರೆ ಮಾಡಿ ನೋಡಿದರೆ ಇಬ್ಬರೂ ಗಮನಿಸದ ಸಂಗತಿಯೊಂದು ಎದ್ದು ಕಾಣುತ್ತದೆ. ಒಂದು ಸಮುದಾಯದ ಒಡೆತನದಲ್ಲಿದ್ದದ್ದು ಬಹುಮಟ್ಟಿಗೆ ಉಳಿದುಕೊಂಡಿದೆ. ಹಲವು ಸಮುದಾಯಗಳು ಒಟ್ಟಾಗಿ ಬಳಸುತ್ತಿದ್ದದ್ದು ಒಂದೊಂದಾಗಿ ಹೋಗುತ್ತಿದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಂ ಮಾತುಗಳು ಒಂದೇ ಬೀದಿಯಲ್ಲಿ ಕೇಳಿಸುವ ಊರಿನ ಮಟ್ಟಿಗೆ ಇದು ವಾಸ್ತುಶಿಲ್ಪದ ನಷ್ಟಕ್ಕಿಂತ ದೊಡ್ಡ ವಿಷಯ.

ಉಳಿದವುಗಳನ್ನು ಮೊದಲು ನೋಡೋಣ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹ ಇಂದಿಗೂ ಪೂಜೆಗೊಳ್ಳುತ್ತಿದೆ. 1568ರಷ್ಟು ಹಿಂದೆ ಸ್ಥಾಪನೆಯಾದ ರೊಸಾರಿಯೊ ಇಗರ್ಜಿಯೂ 1680ರಲ್ಲಿ ಆರಂಭವಾದ ಮಿಲಾಗ್ರಿಸ್ ಇಗರ್ಜಿಯೂ ಕೆಡವಿಸಿಕೊಂಡು, ಮರಳಿ ಕಟ್ಟಿಸಿಕೊಂಡು ತಮ್ಮ ತಮ್ಮ ಜಾಗದಲ್ಲೇ ನಿಂತಿವೆ. ಬಂದರಿನ ಜೀನತ್ ಬಕ್ಷ್ ಮಸೀದಿಯ ಮರದ ಕಂಬಗಳ ಕೆತ್ತನೆಯನ್ನು ನೋಡಲೆಂದೇ ಹೋಗುವವರಿದ್ದಾರೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವು 1991ರ ನವೀಕರಣದ ನಂತರ ಮಂಗಳೂರು ದಸರಾದ ಕೇಂದ್ರವೇ ಆಗಿಬಿಟ್ಟಿದೆ. ರಥಬೀದಿಯ ವೆಂಕಟರಮಣ ದೇವಸ್ಥಾನದ ಕೊಡಿಯಾಲ್ ತೇರು ರಥಸಪ್ತಮಿಯಂದು ಎಳೆಯಲ್ಪಡುತ್ತಲೇ ಇದೆ. ತೇರಿಗೆ ದಾರಿ ಬೇಕೆಂಬ ಒಂದೇ ಕಾರಣಕ್ಕೆ ಆ ಬೀದಿಯ ಅಗಲ ಒತ್ತುವರಿಯಾಗದೆ ಉಳಿದಿದೆ ಎಂದರೆ ತಪ್ಪಾಗಲಾರದು.

ಇವೆಲ್ಲಕ್ಕೂ ಸಾಮಾನ್ಯವಾದದ್ದು ಒಂದು ಆಡಳಿತ ಮಂಡಳಿ, ಒಂದು ನಿಧಿ, ವರ್ಷಕ್ಕೊಮ್ಮೆ ಬಂದೇ ಬರುವ ಒಂದು ಹಬ್ಬ. ಮಾಡು ಸೋರಿದರೆ ಕೇಳುವವರಿದ್ದಾರೆ, ಕೇಳಿದರೆ ಕೊಡುವವರೂ ಇದ್ದಾರೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಇಟಲಿಯಿಂದ ಬಂದ ಜೆಸ್ಯೂಟ್ ಸಹೋದರ ಆಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಗೋಡೆ, ಕಮಾನು, ಮೇಲ್ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ. ಕೆಲವು ಚಿತ್ರಗಳು ಹಸಿ ಗಾರೆಯ ಮೇಲೆಯೇ ಬರೆದವು, ಇನ್ನು ಕೆಲವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಗಾರೆಯ ಚಿತ್ರ ನೂರು ವರ್ಷ ಬಾಳುವುದು ಸುಲಭವಲ್ಲ. ತೇವದಿಂದ ಅವು ಕೆಡತೊಡಗಿದಾಗ, 1990ರ ದಶಕದಲ್ಲಿ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಪರಿಣತರನ್ನು ಕರೆಸಿ ವರ್ಷಗಟ್ಟಲೆ ದುರಸ್ತಿ ಮಾಡಿಸಿದ್ದು ಸಾಧ್ಯವಾದದ್ದು, ಆ ಕಟ್ಟಡದ ಹಿಂದೆ 1880ರಿಂದ ನಡೆದುಬಂದ ಒಂದು ಸಂಸ್ಥೆಯೂ ಅದರ ಹಳೆಯ ವಿದ್ಯಾರ್ಥಿಗಳ ದೊಡ್ಡ ಬಳಗವೂ ಇದ್ದುದರಿಂದ.

ಈಗ ಇನ್ನೊಂದು ಬದಿ. ಮಂಗಳೂರಿನ ಹೆಸರನ್ನು ಲೋಕಕ್ಕೆಲ್ಲ ಒಯ್ದದ್ದು ಹಂಚು. 1834ರಲ್ಲಿ ಇಲ್ಲಿಗೆ ಬಂದ, ಜರ್ಮನ್ ಪಾದ್ರಿಗಳೇ ಹೆಚ್ಚಾಗಿದ್ದ ಬಾಸೆಲ್ ಮಿಷನ್ನಿನವರಿಗೆ ಬೇಗನೆ ಎದುರಾದ ಸಮಸ್ಯೆಯೆಂದರೆ, ಮತಾಂತರಗೊಂಡವರು ಜಾತಿಯ ಜತೆಗೆ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದದ್ದು. ಅವರಿಗೆ ಹೊಟ್ಟೆಪಾಡಿನ ದಾರಿ ಹುಡುಕುತ್ತ ಮುದ್ರಣಾಲಯ, ನೇಯ್ಗೆ ಕಾರ್ಖಾನೆ, ಕೊನೆಗೆ 1865ರಲ್ಲಿ ಜೆಪ್ಪುವಿನಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್‌ನ ಮುಂದಾಳತ್ವದಲ್ಲಿ ಹಂಚಿನ ಕಾರ್ಖಾನೆ ಹುಟ್ಟಿಕೊಂಡವು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಆವೆಮಣ್ಣು, ಹೊಳೆಯಲ್ಲಿ ದೋಣಿಯ ಸಾಗಾಟ, ಬಂದರಿನಿಂದ ಹಡಗು, ಎಲ್ಲವೂ ಕೂಗಳತೆಯಲ್ಲಿ. ಹಳೆಯ ಹಂಚೊಂದನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಉಬ್ಬಚ್ಚು ಕಾಣುತ್ತದೆ, ರೀಪಿಗೆ ಸಿಕ್ಕಿಸಿಕೊಳ್ಳಲು ಗುಬುಟು ಇರುತ್ತದೆ, ಪಕ್ಕದ ಹಂಚಿನ ಅಂಚು ಬಂದು ಕೂರುವ ತೋಡು ಇರುತ್ತದೆ. ಒಂದರ ಮೇಲೊಂದು ಕಚ್ಚಿ ಕುಳಿತ ಈ ಹಂಚುಗಳು ಗಾರೆಯಿಲ್ಲದೆಯೇ ಮಳೆಯನ್ನು ತಡೆಯುತ್ತವೆ, ನಡುವಿನ ಸಂದಿನಿಂದ ಸೆಕೆಯನ್ನು ಹೊರಬಿಡುತ್ತವೆ. ಒಡೆದರೆ ಒಂದನ್ನು ಮಾತ್ರ ತೆಗೆದು ಬದಲಿಸಬಹುದು. ಮಿಷನ್ನಿನ ಕಾರ್ಖಾನೆಗಳು ಮೊದಲ ಮಹಾಯುದ್ಧದ ಹೊತ್ತಿಗೆ ಶತ್ರು ದೇಶದವರ ಆಸ್ತಿಯೆಂದು ಸರ್ಕಾರದ ವಶಕ್ಕೆ ಹೋಗಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಅಷ್ಟರಲ್ಲಿ ಸ್ಥಳೀಯರ ಹಲವು ಕಾರ್ಖಾನೆಗಳೂ ಎದ್ದಿದ್ದವು.

ಈ ಕಾರ್ಖಾನೆಗಳು ಇಂದು ಹೆಚ್ಚಿನವು ಇಲ್ಲ. ಕಾಂಕ್ರೀಟು ಬಂತು, ಮಣ್ಣು ತೆಗೆಯಲು ನಿರ್ಬಂಧಗಳು ಬಂದವು, ಸೌದೆ ದುಬಾರಿಯಾಯಿತು, ನದಿದಂಡೆಯ ಎಕರೆಗಟ್ಟಲೆ ಜಾಗದ ಬೆಲೆ ಹಂಚು ಮಾರಿ ಬರುವ ಲಾಭವನ್ನು ಎಂದೋ ಮೀರಿಸಿತು. ಕಾರಣಗಳು ಅರ್ಥವಾಗುವಂಥವೇ. ಆದರೆ ಎತ್ತರದ ಚಿಮಣಿಯೊಂದಿಗೆ ಹೋದದ್ದು ಇಟ್ಟಿಗೆಯ ಕಟ್ಟಡ ಮಾತ್ರವಲ್ಲ. ಬೇರೆ ಬೇರೆ ಜಾತಿ, ಮತಗಳ ಗಂಡಸರೂ ಹೆಂಗಸರೂ ಒಂದೇ ಸೂರಿನಡಿ ಮಣ್ಣು ತುಳಿದು, ಅಚ್ಚು ಒತ್ತಿ, ಗೂಡು ಉರಿಸಿ, ಒಂದೇ ಗಂಟೆಗೆ ಊಟಕ್ಕೆ ಬಿಡುತ್ತಿದ್ದ ಜಾಗ ಅದು. ಕರಾವಳಿಯ ಕಾರ್ಮಿಕ ಚಳವಳಿ ಬೇರುಬಿಟ್ಟದ್ದೇ ಹಂಚು, ಗೇರುಬೀಜ, ಬೀಡಿ ಕೆಲಸಗಾರರ ನಡುವೆ. ಆ ಸಂಘಗಳು ಕಟ್ಟಿಕೊಟ್ಟ ನೆರೆಹೊರೆ, ಸಂಬಳದ ದಿನದ ಸಂತೆ, ಮುಷ್ಕರದ ದಿನಗಳ ಸಾಲಸೋಲ ಯಾವುದನ್ನೂ ಯಾವ ಪಾರಂಪರಿಕ ಪಟ್ಟಿಯೂ ಗುರುತಿಸುವುದಿಲ್ಲ.

ಸೆಂಟ್ರಲ್ ಮಾರುಕಟ್ಟೆಯ ಕಥೆ ತೀರಾ ಈಚಿನದು. 2020ರ ಏಪ್ರಿಲಿನಲ್ಲಿ, ಲಾಕ್‌ಡೌನಿನ ನಡುವೆ, ಅಲ್ಲಿನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳುಹಿಸಿದ ಪಾಲಿಕೆ, ಕಟ್ಟಡ ಶಿಥಿಲವಾಗಿದೆಯೆಂದು ಅದನ್ನು ತೆರವು ಮಾಡಲು ಹೊರಟಿತು. ವ್ಯಾಪಾರಿಗಳು ಹೈಕೋರ್ಟಿನ ಮೊರೆಹೊಕ್ಕರು. ವ್ಯಾಜ್ಯ ನಡೆದು, ಕೊನೆಗೆ ಕಟ್ಟಡ ನೆಲಕ್ಕುರುಳಿ, ಆ ಜಾಗ ಸ್ಮಾರ್ಟ್ ಸಿಟಿ ಯೋಜನೆಯ ಬಹುಮಹಡಿ ಸಂಕೀರ್ಣಕ್ಕೆ ಮೀಸಲಾಯಿತು. ಆ ಕಟ್ಟಡಕ್ಕೆ ಕೆತ್ತನೆಯ ಸೊಬಗಾಗಲಿ ಕಮಾನುಗಳ ಗಾಂಭೀರ್ಯವಾಗಲಿ ಇರಲಿಲ್ಲ ಎಂಬುದು ನಿಜ. ಸೋರುತ್ತಿತ್ತು, ನಾರುತ್ತಿತ್ತು, ನಿಲ್ಲಲು ಜಾಗವಿರಲಿಲ್ಲ. ಹಾಗಿದ್ದೂ ಬ್ಯಾರಿ ಸಗಟು ವ್ಯಾಪಾರಿಯಿಂದ ಕೊಂಕಣಿ ಅಂಗಡಿಯವರು ತರಕಾರಿ ಎತ್ತಿ, ಇಗರ್ಜಿಯಿಂದ ಮನೆಗೆ ಮರಳುವ ಬಾಯಮ್ಮ ಅದನ್ನೇ ಚೌಕಾಸಿ ಮಾಡಿ ಒಯ್ದು, ಮಲ್ಲಿಗೆಯ ಅಟ್ಟೆಗೆ ಎಲ್ಲ ಮತದವರೂ ಒಂದೇ ಸಾಲಿನಲ್ಲಿ ಕೈಚಾಚುತ್ತಿದ್ದ ಕಟ್ಟಡ ಊರಿನಲ್ಲಿ ಇನ್ನೊಂದಿರಲಿಲ್ಲ. ಹೊಸ ಸಂಕೀರ್ಣ ಸ್ವಚ್ಛವಾಗಿರಬಹುದು. ಬುಟ್ಟಿ ಇಟ್ಟು ಸೊಪ್ಪು ಮಾರುವ ಹೆಂಗಸಿಗೆ ಅಲ್ಲಿ ಬಾಡಿಗೆ ಕೊಡುವ ಶಕ್ತಿಯಿರುತ್ತದೆಯೇ ಎಂಬುದೇ ಪ್ರಶ್ನೆ. ಮಾರುಕಟ್ಟೆಯ ಯೋಜನೆಗಳಲ್ಲಿ ಪಾರ್ಕಿಂಗಿನ ಲೆಕ್ಕ ತಪ್ಪದೆ ಇರುತ್ತದೆ, ಈ ಲೆಕ್ಕ ಇರುವುದು ಅಪರೂಪ.

ಬಂದರಿನದು ನಿಧಾನದ ಸಾವು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಇಲ್ಲಿ ವರ್ಷಗಟ್ಟಲೆ ನೆಲೆಸಿ, ಏಡನ್ ಮತ್ತು ಕೈರೋದವರೊಂದಿಗೆ ವ್ಯವಹಾರ ನಡೆಸಿದ್ದ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರ ವಸತಿಯಿತ್ತೆಂದು ಬರೆದಿಟ್ಟ. ಪರವೂರ, ಪರದೇಶದ ವರ್ತಕನಿಗೆ ಉಗ್ರಾಣವನ್ನೂ ಪ್ರಾರ್ಥನೆಗೆ ಜಾಗವನ್ನೂ ಕೊಟ್ಟು ಬೆಳೆದ ಊರು ಇದು. ಹಡಗಿನ ವ್ಯವಹಾರ 1974-75ರ ಸುಮಾರಿಗೆ ಪಣಂಬೂರಿನ ನವಮಂಗಳೂರು ಬಂದರಿಗೆ ಹೋಯಿತು. ಹಳೆಬಂದರಿನಲ್ಲಿ ಮೀನುಗಾರಿಕೆಯ ಧಕ್ಕೆ, ಲಕ್ಷದ್ವೀಪಕ್ಕೆ ಹೋಗುವ ಸರಕು, ಒಣಮೀನು, ಗೋಣಿ, ಕಾಳುಮೆಣಸು, ಅಡಿಕೆಯ ಅಂಗಡಿಗಳು ಉಳಿದವು. ಕೆಂಪುಕಲ್ಲಿನ ದಪ್ಪ ಗೋಡೆ, ಎತ್ತರದ ಹಂಚಿನ ಮಾಡು, ಕೆಳಗೆ ಗೋದಾಮು, ಮೇಲೆ ಮರದ ಅಟ್ಟದ ಗದ್ದಿಗೆಯಿರುವ ಕಟ್ಟಡಗಳು ಅಲ್ಲಿ ಇಂದಿಗೂ ಇವೆ, ವ್ಯಾಪಾರವೂ ಇದೆ. ಈ ಲೇಖನದಲ್ಲಿ ಎಲ್ಲಿಯಾದರೂ ಇನ್ನೂ ಸಮಯ ಮೀರಿಲ್ಲ ಎನ್ನಬಹುದಾದರೆ ಅದು ಬಂದರಿನ ಬಗ್ಗೆ ಮಾತ್ರ.

ಮನೆಗಳ ಪ್ರಶ್ನೆ ಇನ್ನೂ ತೊಡಕಿನದು, ಏಕೆಂದರೆ ಅಲ್ಲಿ ದೂರುವುದಕ್ಕೆ ಯಾರೂ ಸಿಗುವುದಿಲ್ಲ. ತುಳುನಾಡಿನ ಜಮೀನ್ದಾರಿ ಮನೆತನಗಳ ಗುತ್ತಿನ ಮನೆಯೆಂದರೆ ದೊಡ್ಡ ಚಾವಡಿ, ಒಳಾಂಗಣ, ಹಲಸು ತೇಗಗಳ ಕೆತ್ತನೆಯ ಕಂಬ ಎಂದಷ್ಟೇ ನಾವು ಈಗ ನೆನೆಯುತ್ತೇವೆ. ಅದು ನಿಜವಾಗಿ ನಿಂತದ್ದು ಗೇಣಿಯ ಅಕ್ಕಿಯ ಮೇಲೆ, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ಪದ್ಧತಿಯಿಂದಾಗಿ ಪಾಲಾಗದೆ ಉಳಿದ ಕುಟುಂಬದ ಆಸ್ತಿಯ ಮೇಲೆ. ಮದ್ರಾಸಿನ 1949ರ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನು ಇನ್ನಷ್ಟು ಅಗಲಮಾಡಿತು, 1974ರ ಭೂಸುಧಾರಣೆ ಗೇಣಿಯನ್ನೇ ನಿಲ್ಲಿಸಿತು. ಒಕ್ಕಲಿಗೆ ಭೂಮಿ ಸಿಕ್ಕಿದ್ದು ನ್ಯಾಯವಾಗಿಯೇ ಆಯಿತು. ಗುತ್ತಿನ ಚಾವಡಿಯ ಭವ್ಯತೆಯನ್ನು ಹೊಗಳುವವರು ಆ ಭವ್ಯತೆಗೆ ಅಕ್ಕಿ ಅಳೆದವರು ಯಾರು ಎಂಬುದನ್ನೂ ನೆನಪಿಡಬೇಕು. ಆದರೆ ಪರಿಣಾಮವಾಗಿ, ನಲವತ್ತು ಜನರಿಗೆಂದು ಕಟ್ಟಿದ ಮನೆಯಲ್ಲಿ ವಯಸ್ಸಾದ ಒಬ್ಬಿಬ್ಬರು ಉಳಿದರು. ಮಾಡಿನ ಪಕ್ಕಾಸು ಬದಲಿಸುವ ಖರ್ಚಿಗೆ ಮುಂಬಯಿಯ ಪಾಲುದಾರನೂ ದುಬೈಯ ಪಾಲುದಾರನೂ ಒಪ್ಪಬೇಕಾಯಿತು. ಗುತ್ತಿನ ಮನೆಗಳಲ್ಲಿ ಇಂದು ಸುಸ್ಥಿತಿಯಲ್ಲಿರುವುವನ್ನು ಗಮನಿಸಿದರೆ, ಬಹಳಷ್ಟು ಕಡೆ ಕಾರಣ ದೈವ. ವರ್ಷಕ್ಕೊಮ್ಮೆ ದೈವದ ಉತ್ಸವವಾದ ನೇಮ ನಡೆಯಬೇಕು, ದೈವದ ಒಡವೆ ಆಯುಧಗಳ ಭಂಡಾರ ಇರುವ ಕೋಣೆ ಸೋರಕೂಡದು, ಕುಟುಂಬದವರೆಲ್ಲ ಅಂದು ಬಂದು ಸೇರಬೇಕು. ಅಲ್ಲಿಗೆ ನಾವು ಮತ್ತೆ ಮೊದಲಿನ ಮಾತಿಗೇ ಬಂದಂತಾಯಿತು: ಒಟ್ಟಾಗಿ ಮಾಡುವ ಕೆಲಸವೊಂದು ಉಳಿದಿದ್ದರೆ ಕಟ್ಟಡ ಉಳಿಯುತ್ತದೆ.

ಬೆಂದೂರು, ಬಿಜೈ, ಫಳ್ನೀರು, ವೆಲೆನ್ಸಿಯಾ ಕಡೆಯ ಕ್ರೈಸ್ತ ಮನೆಗಳಿಗೆ ಆ ಆಸರೆಯೂ ಇಲ್ಲ. ಉದ್ದನೆಯ ಜಗಲಿ, ಕೆಂಪು ಕಾವಿಯ ನೆಲ, ನಡುಮನೆಯ ಗೋಡೆಗೆ ಆಲ್ತಾರ್, ಹಿತ್ತಲಿನಲ್ಲಿ ಹಲಸು ಮಾವು ಇರುವ ಮನೆ ಮೂವತ್ತು ಸೆಂಟ್ಸ್ ಜಾಗದಲ್ಲಿ ನಿಂತಿರುತ್ತದೆ. ಐವರು ಮಕ್ಕಳು, ಐದು ಊರು, ಸಮಪಾಲು. ಬಿಲ್ಡರ್ ಜತೆ ಜಂಟಿ ಒಪ್ಪಂದ ಮಾಡಿಕೊಂಡರೆ ಐವರಿಗೂ ತಲಾ ಒಂದೊಂದು ಫ್ಲಾಟ್ ಬರುತ್ತದೆ. ಜಗಳವಿಲ್ಲದೆ ಆಸ್ತಿ ಹಂಚಲು ಇದಕ್ಕಿಂತ ಸುಲಭದ ದಾರಿ ಅವರಿಗಿಲ್ಲ. ಬಾಗಿಲು, ಕಿಟಕಿ, ತೊಲೆಗಳನ್ನು ಹಳೆಮರದ ವ್ಯಾಪಾರಿ ಕಳಚಿ ಒಯ್ಯುತ್ತಾನೆ, ಅವು ಎಲ್ಲೋ ಒಂದು ರೆಸಾರ್ಟಿನ ಗೋಡೆಗೆ ಹೊಸ ಪಾಲಿಶಿನಲ್ಲಿ ಹೋಗಿ ಕೂರುತ್ತವೆ. ಈ ಮನೆಯವರಿಗೆ ಪರಂಪರೆಯ ಪಾಠ ಹೇಳುವುದು ನನಗಂತೂ ಸರಿಕಾಣುವುದಿಲ್ಲ. ಮನೆ ಉಳಿಸಿಕೊಂಡರೆ ಅವರಿಗೆ ಸಿಗುವುದು ಹಾದಿಹೋಕರ ಮೆಚ್ಚುಗೆ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ, ಸಮುದಾಯದ ಕೈಯಲ್ಲಿದ್ದರೆ ಸಾಕು, ಕಟ್ಟಡ ಕ್ಷೇಮ ಎಂದು ತಿಳಿದರೂ ತಪ್ಪು. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಕರಾವಳಿಯ ಗುಡಿಗಳು ಕಳೆದ ಮೂವತ್ತು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿವೆ. ಹಂಚಿನ ಮಾಡು, ಮರದ ಮುಚ್ಚಿಗೆ, ಕೆಂಪುಕಲ್ಲಿನ ಸುತ್ತುಪೌಳಿ ಹೋಗಿ ಗ್ರಾನೈಟು, ತಾಮ್ರದ ಹೊದಿಕೆ, ಕಾಂಕ್ರೀಟಿನ ಸಭಾಭವನ ಬಂದಿದೆ. ಮಸೀದಿಗಳಲ್ಲಿ ಮಿನಾರು ಬೆಳೆದು ಮರದ ಕೆತ್ತನೆ ಮರೆಯಾಗಿದೆ, ಇಗರ್ಜಿಗಳ ಸುತ್ತ ವಾಣಿಜ್ಯ ಸಂಕೀರ್ಣ ಎದ್ದಿದೆ. ಭಕ್ತರ ದೃಷ್ಟಿಯಲ್ಲಿ ಇದು ನಷ್ಟವಲ್ಲ, ಸೇವೆ. ಅವರಿಗೆ ಮುಖ್ಯವಾದದ್ದು ಸ್ಥಳ, ಸಾನ್ನಿಧ್ಯ, ಹಬ್ಬ. ಗೋಡೆ ಹಳೆಯದೋ ಹೊಸದೋ ಎಂಬುದಲ್ಲ. ಬ್ರಹ್ಮಕಲಶೋತ್ಸವಕ್ಕೆ ಊರೂರಿನಿಂದ ಹಸಿರುವಾಣಿ ಹೊರೆಕಾಣಿಕೆ ಬರುತ್ತದೆ, ಕೆಲವೆಡೆ ಇಗರ್ಜಿ, ಮಸೀದಿಗಳ ಕಡೆಯಿಂದಲೂ ಬರುತ್ತದೆ. ಆ ಮಟ್ಟಿಗೆ ಕಟ್ಟಡ ಹೊಸತಾದರೂ ಹಳೆಯ ಸಂಬಂಧವೊಂದು ಉಳಿಯುತ್ತದೆ. ಕಲ್ಲು ಮರಗಳಷ್ಟನ್ನೇ ಪರಂಪರೆ ಎನ್ನುವ ತಜ್ಞರು ಇದನ್ನು ಲಘುವಾಗಿ ಕಾಣಬಾರದು.

ಆತಂಕವಿರುವುದು ಆ ಸಂಬಂಧವೂ ಸಡಿಲಗೊಳ್ಳುತ್ತಿರುವುದರಲ್ಲಿ. ಬಪ್ಪ ಎಂಬ ಬ್ಯಾರಿ ವರ್ತಕ ಕಟ್ಟಿಸಿದನೆಂದು ಐತಿಹ್ಯವಿರುವ ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಜಾತ್ರೆಯಲ್ಲೇ, 2022ರ ಮಾರ್ಚಿನಲ್ಲಿ, ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರುಗಳು ಕಾಣಿಸಿಕೊಂಡವು. ಅದೇ ವರ್ಷ ಏಪ್ರಿಲಿನಲ್ಲಿ ಮಂಗಳೂರಿನ ಹೊರವಲಯದ ಮಳಲಿಯ ಮಸೀದಿಯ ನವೀಕರಣದ ವೇಳೆ ಹಳೆಯ ಮರದ ರಚನೆ ಬೆಳಕಿಗೆ ಬಂದು, ಅದು ದೇವಾಲಯದ್ದೆಂಬ ವಾದ ಎದ್ದು ವಿವಾದ ನ್ಯಾಯಾಲಯಕ್ಕೆ ಹೋಯಿತು. ಆ ವ್ಯಾಜ್ಯದ ತೀರ್ಮಾನ ನ್ಯಾಯಾಲಯದ್ದು. ವಾಸ್ತುವಿನ ವಿದ್ಯಾರ್ಥಿಗಳು ಬಲ್ಲ ಮಾತೊಂದನ್ನು ಮಾತ್ರ ಇಲ್ಲಿ ಹೇಳಬೇಕು: ಕರಾವಳಿಯಲ್ಲಿ ಗುಡಿ, ಬಸದಿ, ಮಸೀದಿ, ಮನೆಗಳಿಗೆ ಒಂದೇ ಬಗೆಯ ಇಳಿಜಾರು ಮಾಡು, ಒಂದೇ ಬಗೆಯ ಮರಗೆಲಸ ಬಳಕೆಯಲ್ಲಿತ್ತು. ಮಳೆ ಒಂದೇ, ಮರ ಒಂದೇ, ಕೆಲಸ ಬಲ್ಲ ಆಚಾರಿಗಳೂ ಎಲ್ಲರಿಗೂ ಅವರೇ. ಆ ಸಾಮ್ಯವೇ ಸಂಶಯಕ್ಕೆ ಕಾರಣವಾಗುವುದಾದರೆ, ಹಳೆಯ ಮಸೀದಿಯನ್ನು ಹಳೆಯದಾಗಿಯೇ ಉಳಿಸಿಕೊಳ್ಳುವುದಕ್ಕಿಂತ ಬೇಗ ಕೆಡವಿ ಕಾಂಕ್ರೀಟು ಕಟ್ಟುವುದೇ ಕ್ಷೇಮವೆಂದು ಅದರ ಜಮಾತಿನವರಿಗೆ ಅನ್ನಿಸದೆ ಇರುತ್ತದೆಯೇ?

ಕಾನೂನು ಈ ಯಾವ ವ್ಯತ್ಯಾಸವನ್ನೂ ಹಿಡಿಯುವುದಿಲ್ಲ. ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಘೋಷಣೆಯಾದರೆ ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಎಂದು ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಕೋಟೆ ಕೊತ್ತಲಗಳಿಗೆ ಅದು ಸರಿ. ಟಿಪ್ಪು ಸುಲ್ತಾನ 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯಂಥ ಕಾವಲುಗೋಪುರಕ್ಕೆ ಬೇಲಿ ಹಾಕಿ ಫಲಕ ನೆಡಬಹುದು, ಜನ ವಾಸಿಸುವ ಬೀದಿಗೆ ಹಾಗೆ ಮಾಡಲಾಗದು. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆಯೇನೋ ಇದೆ. ಪಟ್ಟಿಯೂ ಸಮಿತಿಯೂ ಇರುವ ಮೈಸೂರಿನಲ್ಲೇ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಹಾನಿಯಾಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಅಲ್ಲಿಂದಾಚೆಗೆ ಉಳಿಸಬೇಕೋ ಕೆಡವಬೇಕೋ ಎಂಬ ವಾದ ನ್ಯಾಯಾಲಯ ಸುತ್ತಿತು. ಪಟ್ಟಿಗೆ ಸೇರಿಸಿ ದುರಸ್ತಿಗೆ ಹಣವಿಡದಿದ್ದರೆ ಆಗುವುದು ಇದೇ. ಮುಂಬಯಿ 1995ರಲ್ಲೇ ಶ್ರೇಣಿವಾರು ಪಟ್ಟಿ ಮಾಡಿ, ಹಳೆಯ ಕಟ್ಟಡ ಉಳಿಸಿಕೊಂಡ ಮಾಲೀಕನಿಗೆ ಕಟ್ಟದೆ ಬಿಟ್ಟ ವಿಸ್ತೀರ್ಣದ ಹಕ್ಕನ್ನು ಮಾರಲು ಅವಕಾಶ ಕೊಟ್ಟಿತು. ಟಿಡಿಆರ್ ಎಂಬ ಇದೇ ಹಕ್ಕು ನಮ್ಮಲ್ಲಿ ಹೆಚ್ಚಾಗಿ ಬಳಕೆಯಾಗಿರುವುದು ರಸ್ತೆ ಅಗಲೀಕರಣಕ್ಕೆ ಕಾಂಪೌಂಡು ಬಿಟ್ಟುಕೊಟ್ಟವರಿಗೆ. ಬೆಂದೂರಿನ ಐವರು ಮಕ್ಕಳಿಗೆ ಅಂಥದೊಂದು ದಾರಿ ತೋರಿಸಿದ್ದರೆ ಅವರು ಯೋಚಿಸುತ್ತಿದ್ದರೇನೋ.

ಕೆಡವಿದ ಮೇಲೆ ಮರಳಿ ಕಟ್ಟುವ ಉತ್ಸಾಹ ಮಾತ್ರ ನಮ್ಮಲ್ಲಿ ಧಾರಾಳವಾಗಿದೆ. ಹಂಪನಕಟ್ಟೆಯ ಗಡಿಯಾರ ಗೋಪುರವನ್ನು ವಾಹನಗಳಿಗೆ ಅಡ್ಡಿಯೆಂದು 1990ರ ದಶಕದಲ್ಲಿ ಕೆಡವಿ, ಅದೇ ಜಾಗದಲ್ಲಿ ಸ್ಮಾರ್ಟ್ ಸಿಟಿಯ ಹಣದಿಂದ ಹೊಸ ಗೋಪುರ ಎಬ್ಬಿಸಲಾಯಿತು. ವಾಹನಗಳು ಈ ನಡುವೆ ಹೆಚ್ಚಾಗಿವೆಯೇ ಹೊರತು ಕಡಿಮೆಯಾಗಿಲ್ಲ. ಪಿಲಿಕುಳದಲ್ಲಿ ಗುತ್ತಿನ ಮನೆಯ ಮಾದರಿಯಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ನಾಡಿನ ನಾನಾ ಕಡೆ ಕಳಚಿಹೋಗುತ್ತಿದ್ದ ಮನೆಗಳನ್ನು ತಂದು ಮರುಜೋಡಿಸಿದ ಪಾರಂಪರಿಕ ಗ್ರಾಮ ಅಸಾಧಾರಣ ಕೆಲಸವೇ ಹೌದು, ಅದಿಲ್ಲದಿದ್ದರೆ ಆ ಮರಗೆಲಸ ಸೌದೆಯಾಗುತ್ತಿತ್ತು. ಆದರೂ ಅಲ್ಲಿ ಮನೆಯಿದೆ, ಮನೆಯವರಿಲ್ಲ. ಪ್ರವಾಸೋದ್ಯಮವೂ ಪೂರ್ಣ ಉತ್ತರವಲ್ಲವೆಂಬುದಕ್ಕೆ ಪಣಜಿಯ ಫೊಂತೈನ್ಯಾಸ್ ಹತ್ತಿರದ ಸಾಕ್ಷಿ; ಬಣ್ಣಬಣ್ಣದ ಮನೆಗಳು ಸುರಕ್ಷಿತವಾಗಿವೆ, ಮನೆಯೊಳಗಿನವರು ಬಾಗಿಲಲ್ಲಿ ಫೋಟೊ ತೆಗೆಸಿಕೊಳ್ಳುವವರ ಕಾಟಕ್ಕೆ ಬೇಸತ್ತಿದ್ದಾರೆ.

ಆದ್ದರಿಂದ ಮಂಗಳೂರಿನಲ್ಲಿ ಆಗಬೇಕಾದ ಮೊದಲ ಕೆಲಸ ಹಳೆಯ ಕಟ್ಟಡಗಳ ವಯಸ್ಸಿನ ಪಟ್ಟಿಯಲ್ಲ, ಬಳಕೆಯ ಪಟ್ಟಿ ಎಂಬುದು ನನ್ನ ಅಭಿಪ್ರಾಯ. ಯಾವ ಕಟ್ಟಡವನ್ನು ಯಾರು ಯಾರು, ಯಾವ ಕೆಲಸಕ್ಕೆ, ಯಾವ ಬಾಡಿಗೆಗೆ ಬಳಸುತ್ತಿದ್ದಾರೆ ಎಂಬ ದಾಖಲೆ ಬೇಕು. ಇಂಟ್ಯಾಕ್‌ನ ಮಂಗಳೂರು ಶಾಖೆ, ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳು ಹಳೆಯ ಮನೆ, ಬೀದಿಗಳ ನಕ್ಷೆ, ಚಿತ್ರಗಳನ್ನು ಮಾಡುತ್ತಲೇ ಇದ್ದಾರೆ. ಆ ನಕ್ಷೆಗಳಿಗೆ ಗೋದಾಮಿನ ಬಾಡಿಗೆದಾರ, ಮಹಡಿಯ ಗುಮಾಸ್ತ, ಜಗಲಿಯ ಒಣಮೀನಿನವಳು ಸೇರಬೇಕಾಗಿದೆ. ಬಂದರಿನಲ್ಲಿ ಇದನ್ನು ಈಗಲೇ ಮಾಡಬಹುದು, ಏಕೆಂದರೆ ಅಲ್ಲಿ ವ್ಯಾಪಾರ ಇನ್ನೂ ಜೀವಂತವಾಗಿದೆ, ನದಿತೀರದ ಅಭಿವೃದ್ಧಿಯ ಕಾಮಗಾರಿಗಳು ಇನ್ನೂ ಗೋದಾಮಿನ ಬಾಗಿಲಿಗೆ ಬಂದಿಲ್ಲ. ಹಳೆಯ ಬಾಡಿಗೆದಾರನಿಗೆ ದೀರ್ಘಾವಧಿಯ ಗುತ್ತಿಗೆ, ಹಂಚಿನ ಮಾಡು ಉಳಿಸಿಕೊಂಡವನಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಸಿಮೆಂಟಿನ ಬದಲು ಸುಣ್ಣದ ಗಾರೆಯಲ್ಲಿ ಕೆಲಸ ಬಲ್ಲ ಮೇಸ್ತ್ರಿಗಳಿಗೆ ತರಬೇತಿ, ಇವುಗಳಲ್ಲಿ ಯಾವುದೂ ದೊಡ್ಡ ಮೊತ್ತದ ಯೋಜನೆಯಲ್ಲ. ಖಾಸಗಿ ಮಾಲೀಕರನ್ನು ಒಪ್ಪಿಸುವುದು ಕಷ್ಟವಾದರೆ ಪಾಲಿಕೆಯದೇ ಆದ ಮಾರುಕಟ್ಟೆ, ಕಚೇರಿ, ಅಂಗಡಿ ಸಾಲುಗಳಿಂದ ಆರಂಭಿಸಲಿ. ತನ್ನ ಸ್ವಂತ ಕಟ್ಟಡದ ಬಾಡಿಗೆದಾರರ ಹೆಸರು ಬರೆದುಕೊಳ್ಳಲು ಪಾಲಿಕೆಗೆ ಹೊಸ ಕಾಯ್ದೆಯೂ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.